ಎರಡು ಗಂಟೆ ಮೌನ, ಎರಡು ಗಂಟೆ ಮಾತು

(ಅಕ್ಟೋಬರ್ 15: ಆವಿಲದ ಸಂತ ತೆರೇಸಮ್ಮನವರ ಹಬ್ಬ)



ದಸರೆಯ ದಿನಗಳಲ್ಲಿ ನಜರ್‌ಬಾದಿನ ರಸ್ತೆ ದಾಟುವುದೇ ಒಂದು ಸಾಹಸ. ಮೃಗಾಲಯಕ್ಕೆ, ಕಾರಂಜಿ ಕೆರೆಗೆ, ಚಾಮುಂಡಿ ಬೆಟ್ಟಕ್ಕೆ ಹೊರಟ ಬಸ್ಸು, ಕಾರು, ಆಟೋ, ಟಾಂಗಾಗಳ ಸಾಲು ಮುಗಿಯುವುದೇ ಇಲ್ಲ. ಇದೇ ನಜರ್‌ಬಾದಿನಲ್ಲಿ ಕಾರ್ಮೆಲ್ ಸಭೆಯ ಗುರುಗಳ ಪುಷ್ಪಾಶ್ರಮವಿದೆ. ಬಾಲಯೇಸುವಿನ ಮೇಲಿನ ಭಕ್ತಿಯಿಂದ ಅಲ್ಲಿಗೆ ಹೋಗಿಬರುವ ಕುಟುಂಬಗಳು ನಮ್ಮಲ್ಲಿ ಅನೇಕ. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಎದ್ದಾಗ, "ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ" ಎಂದು ಹೇಳುವವರನ್ನು ನಾವು ಕಂಡಿದ್ದೇವೆ. ನಮಗೂ ಹಾಗೆ ಅನ್ನಿಸಿದೆ.

ಆದರೆ ಮನೆಗೆ ಬಂದು ಅರ್ಧ ಗಂಟೆ ಕಳೆಯುವುದರೊಳಗೆ ಏನಾಗುತ್ತದೆ? ಅನ್ನ ತಣ್ಣಗಾಗಿದೆ ಎಂದು ಸಿಡುಕುತ್ತೇವೆ. ಮಗನ ಕೈಯಲ್ಲಿ ಮೊಬೈಲು ಕಂಡು ಗದರುತ್ತೇವೆ. ಅತ್ತೆ ಎರಡು ಸಲ ಕರೆದರೂ ಕೇಳಿಸದವರಂತೆ ಇರುತ್ತೇವೆ. ಹಾಗಾದರೆ ಆ ಶಾಂತಿ ನಿಜವಾದದ್ದೇ? ಪ್ರಾರ್ಥನೆ ನಮ್ಮನ್ನು ಬದಲಿಸಿತೇ, ಇಲ್ಲವೇ ಸ್ವಲ್ಪ ಹೊತ್ತು ಮನೆಯವರಿಂದ ತಪ್ಪಿಸಿಕೊಳ್ಳಲು ನೆಪವಾಯಿತೇ? ಈ ತಿಂಗಳು ನಾವು ಹಬ್ಬ ಆಚರಿಸುವ ಸಂತ ತೆರೇಸಮ್ಮನವರು ಇದೇ ಪ್ರಶ್ನೆಯನ್ನು ಜೀವನವಿಡೀ ಕೇಳಿಕೊಂಡವರು. ಪುಷ್ಪಾಶ್ರಮದ ಗುರುಗಳು ಸೇರಿರುವ ಬರಿಗಾಲಿನ ಕಾರ್ಮೆಲ್ ಸಭೆಗೆ ಅವರೇ ತಾಯಿ.

ಗಡಿಯಾರ ನೋಡುತ್ತಿದ್ದ ಸಂತರು

ತೆರೇಸಮ್ಮನವರು ಹುಟ್ಟಿದ್ದು 1515ರಲ್ಲಿ, ಸ್ಪೇನ್ ದೇಶದ ಆವಿಲ ಪಟ್ಟಣದಲ್ಲಿ. 1535ರಲ್ಲಿ, 20ರ ಹರೆಯದಲ್ಲಿ, ಅಲ್ಲಿನ ಕಾರ್ಮೆಲ್ ಕನ್ಯಾಮಠವನ್ನು ಸೇರಿದರು. ಅದು ನೂರೈವತ್ತಕ್ಕೂ ಹೆಚ್ಚು ಮಂದಿಯಿದ್ದ ದೊಡ್ಡ ಮಠ. ಹೊರಗಿನ ಸಮಾಜದ ಮೇಲುಕೀಳು ಅಲ್ಲೂ ಇತ್ತು. ಸ್ಥಿತಿವಂತರ ಮನೆಯಿಂದ ಬಂದವರಿಗೆ ಸ್ವಂತ ಕೊಠಡಿಗಳು, ಹೆಸರಿನ ಹಿಂದೆ ಗೌರವದ ಬಿರುದು. ಬಡವರ ಮನೆಯವರು ಮಲಗುವುದು ಎಲ್ಲರೂ ಮಲಗುವ ಕೋಣೆಯಲ್ಲಿ. ಸಂದರ್ಶಕರ ಕೋಣೆಯಲ್ಲಿ ಗಂಟೆಗಟ್ಟಲೆ ಮಾತುಕತೆ.

ಈ ಮಠದಲ್ಲಿ ತೆರೇಸಮ್ಮನವರು ಸುಮಾರು ಇಪ್ಪತ್ತು ವರ್ಷ ಪ್ರಾರ್ಥನೆಯಲ್ಲಿ ರುಚಿಯಿಲ್ಲದೆ ಒದ್ದಾಡಿದರು. ಧ್ಯಾನಕ್ಕೆ ಕುಳಿತಾಗ ಗಂಟೆ ಯಾವಾಗ ಬಾರಿಸೀತೆಂದು ಕಾಯುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಒಂದು ಕಾಲಕ್ಕೆ, ತಾನು ಯೋಗ್ಯಳಲ್ಲವೆಂದುಕೊಂಡು ಮೌನಪ್ರಾರ್ಥನೆಯನ್ನೇ ಬಿಟ್ಟಿದ್ದರು. ಅದು ದೀನತೆಯಲ್ಲ, ದೀನತೆಯ ವೇಷ ತೊಟ್ಟ ಶೋಧನೆ ಎಂದು ಅವರಿಗೆ ಮುಂದೆ ಅರಿವಾಯಿತು. 1554ರಲ್ಲಿ, ಗಾಯಗೊಂಡ ಕ್ರಿಸ್ತರ ಪ್ರತಿಮೆಯೊಂದರ ಮುಂದೆ ಅವರ ಹೃದಯ ಕರಗಿತು. ಆಗ ಅವರಿಗೆ 39 ವರ್ಷ.

ಜಪಸರ ಹೇಳುವಾಗ ಮನಸ್ಸು ಮಾರುಕಟ್ಟೆ ಸುತ್ತುತ್ತದೆಂದು ಬೇಸರಪಡುವ ನಮಗೆ ಇದೊಂದು ಸಮಾಧಾನ. ಆ ಗಡಿಯಾರ ನೋಡುತ್ತಿದ್ದ ಸನ್ಯಾಸಿನಿಯನ್ನೇ 1970ರ ಸೆಪ್ಟೆಂಬರ್ 27ರಂದು ಜಗದ್ಗುರು ಆರನೆಯ ಪೌಲ್‌ರವರು ಧರ್ಮಸಭೆಯ ಆಚಾರ್ಯೆ ಎಂದು ಸಾರಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರು.

ಹದಿಮೂರು ಜನರ ಮನೆ

1562ರ ಆಗಸ್ಟ್ 24ರಂದು ತೆರೇಸಮ್ಮನವರು ಆವಿಲದಲ್ಲೇ ಸಂತ ಜೋಸೆಫರ ಹೆಸರಿನಲ್ಲಿ ಒಂದು ಪುಟ್ಟ ಮಠವನ್ನು ಆರಂಭಿಸಿದರು. ಮೊದಲು ಸೇರಿದವರು ನಾಲ್ವರು. ಅಲ್ಲಿ ಹದಿಮೂರು ಜನರಿದ್ದರೆ ಸಾಕು ಎಂಬುದು ಅವರ ಮೊದಲ ಎಣಿಕೆ; ಮುಂದೆ ಮಠಗಳಿಗೆ ಇಪ್ಪತ್ತೊಂದು ಎಂಬ ಮಿತಿ ಬಂತು. ಏಕೆ ಇಷ್ಟು ಕಡಿಮೆ? ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರಬೇಕು, ಎಲ್ಲರೂ ಗೆಳತಿಯರಂತೆ ಬಾಳಬೇಕು ಎಂಬುದಕ್ಕೆ. ಮನೆತನದ ಬಿರುದುಗಳು ಬಾಗಿಲ ಹೊರಗೇ ಉಳಿದವು. ಕಸ ಗುಡಿಸುವ ಸರದಿಯಲ್ಲಿ ಮೊದಲ ಹೆಸರು ಮಠದ ಹಿರಿಯಳದ್ದೇ.

ಅವರು ಬರೆದ ನಿಯಮಾವಳಿಯಲ್ಲಿ ನಾವು ಗಮನಿಸಬೇಕಾದ ಒಂದು ಲೆಕ್ಕವಿದೆ. ದಿನಕ್ಕೆ ಎರಡು ಗಂಟೆ ಮೌನಪ್ರಾರ್ಥನೆ: ಬೆಳಿಗ್ಗೆ ಒಂದು, ಸಂಜೆ ಒಂದು. ಹಾಗೆಯೇ ದಿನಕ್ಕೆ ಎರಡು ಗಂಟೆ ಒಟ್ಟಿಗೆ ಕುಳಿತು ಮಾತು, ನಗು: ಮಧ್ಯಾಹ್ನದ ಊಟದ ನಂತರ ಒಂದು, ರಾತ್ರಿಯ ಊಟದ ನಂತರ ಒಂದು. ಮಾತಾಡುವಾಗ ಕೈಗೆ ನೂಲುವ ಇಲ್ಲವೇ ಹೊಲಿಯುವ ಕೆಲಸ. ತೆರೇಸಮ್ಮನವರೇ ಹಬ್ಬದ ದಿನ ತಮ್ಮಟೆಯಂಥ ಪುಟ್ಟ ವಾದ್ಯವನ್ನು ಬಾರಿಸಿ ಹಾಡುತ್ತಿದ್ದರು.

ಮೌನಕ್ಕೆಷ್ಟೋ ಮಾತಿಗೂ ಅಷ್ಟೇ! ಕದ ಮುಚ್ಚಿಕೊಂಡು ಧ್ಯಾನಮಾಡುವ ಸನ್ಯಾಸಿನಿಯರಿಗೆ ಹರಟೆ ಏಕೆ ಎಂದು ನಾವು ಕೇಳಬಹುದು. ತೆರೇಸಮ್ಮನವರ ಪ್ರಕಾರ, ಒಬ್ಬರೇ ಇರುವಾಗ ನಮ್ಮ ಕೋಪ, ನಮ್ಮ ಹಟ, ಮೆಚ್ಚುಗೆಯ ಮೇಲಿನ ನಮ್ಮ ಆಸೆ ನಮಗೆ ಕಾಣುವುದಿಲ್ಲ. ಅವೆಲ್ಲ ಹೊರಬೀಳುವುದು ಪಕ್ಕದಲ್ಲಿ ಇನ್ನೊಬ್ಬರು ಇದ್ದಾಗ. ತಮಗೆ ಪ್ರಾರ್ಥನೆ ಕಲಿಸಿಕೊಡಿ ಎಂದು ಸೋದರಿಯರು ಕೇಳಿದಾಗ ಅವರು ಪ್ರಾರ್ಥನೆಯ ವಿಧಾನವನ್ನು ನೇರವಾಗಿ ಹೇಳಲಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸುವುದು, ಯಾವುದಕ್ಕೂ ಅಂಟಿಕೊಳ್ಳದಿರುವುದು, ದೀನತೆ: ಈ ಮೂರನ್ನು ಮೊದಲು ವಿವರಿಸಿ, ಆಮೇಲೆ ಧ್ಯಾನದ ಮಾತೆತ್ತಿದರು.

ತೋಟಕ್ಕೆ ನಾಲ್ಕು ಬಗೆಯ ನೀರು

ಮೌನಪ್ರಾರ್ಥನೆ ಎಂದರೇನು? ನಮ್ಮನ್ನು ಪ್ರೀತಿಸುವ ಗೆಳೆಯನ ಬಳಿ ಒಂಟಿಯಾಗಿ ಕುಳಿತು ಮನಸ್ಸು ಬಿಚ್ಚುವುದು ಎಂಬರ್ಥದಲ್ಲಿ ಅವರು ವಿವರಿಸುತ್ತಾರೆ. ಅದು ಬೆಳೆಯುವ ಬಗೆಯನ್ನು ತೋಟಕ್ಕೆ ನೀರು ಹಾಯಿಸುವ ಉದಾಹರಣೆಯಿಂದ ತಿಳಿಸುತ್ತಾರೆ. ಕಾವೇರಿ ಸೀಮೆಯ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಮೊದಲನೆಯದು, ಬಾವಿಯಿಂದ ಕೊಡದಲ್ಲಿ ಸೇದಿ ಹೊತ್ತು ಹಾಕುವುದು. ರಟ್ಟೆ ನೋಯುತ್ತದೆ, ನೀರು ಸ್ವಲ್ಪವೇ ಸಿಗುತ್ತದೆ. ಅಲೆಯುವ ಮನಸ್ಸನ್ನು ಎಳೆತಂದು ಕೂರಿಸುವ ಆರಂಭದ ದಿನಗಳು ಇವು. ಎರಡನೆಯದು, ರಾಟೆಯ ಸಹಾಯದಿಂದ ನೀರೆತ್ತುವುದು. ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು, ನಾಲೆಯ ನೀರು. ತೂಬು ತೆಗೆದು ತಿರುಗಿಸಿಬಿಟ್ಟರೆ ಸಾಕು, ತಾನೇ ಹರಿಯುತ್ತದೆ. ನಾಲ್ಕನೆಯದು ಮಳೆ. ಅಲ್ಲಿ ನಮ್ಮ ಕೆಲಸವೇನೂ ಇಲ್ಲ, ಎಲ್ಲವೂ ದೇವರ ಕೃಪೆ.

ನಾಲ್ಕೂ ಬಗೆಯಲ್ಲಿ ನೀರು ಬರುವುದು ತೋಟಕ್ಕಾಗಿ ಎಂಬುದನ್ನು ನಾವು ಮರೆಯಬಾರದು. ನೀರು ಎಷ್ಟು ಬಂತು ಎಂದು ಹಿಗ್ಗುವ ರೈತ ಗಿಡ ಒಣಗಿದ್ದನ್ನು ನೋಡದಿದ್ದರೆ ಏನು ಪ್ರಯೋಜನ? 1577ರಲ್ಲಿ ಬರೆದ, ಆತ್ಮವನ್ನು ಏಳು ಅಂತಸ್ತುಗಳ ಕೋಟೆಗೆ ಹೋಲಿಸುವ ಗ್ರಂಥದಲ್ಲಿ ತೆರೇಸಮ್ಮನವರು ಇದನ್ನೇ ಸ್ಪಷ್ಟಪಡಿಸುತ್ತಾರೆ. ದೇವರ ಮೇಲೆ ನಮಗೆಷ್ಟು ಪ್ರೀತಿಯಿದೆ ಎಂದು ಅಳೆಯುವುದು ಕಷ್ಟ. ನೆರೆಯವರ ಮೇಲೆ ಎಷ್ಟಿದೆ ಎಂಬುದು ಎದ್ದು ಕಾಣುತ್ತದೆ. ಕಾಯಿಲೆ ಬಿದ್ದವರಿಗೆ ನೆರವು ಬೇಕಾದಾಗ ಭಕ್ತಿಯ ಸುಖ ತಪ್ಪೀತೆಂದು ಚಿಂತಿಸದೆ ಎದ್ದುಹೋಗಬೇಕು. ಕೊನೆಯ ಅಂತಸ್ತಿಗೆ ಬಂದಾಗ ಅವರು ಲೂಕನ ಶುಭಸಂದೇಶದ ಮಾರ್ತ ಮತ್ತು ಮರಿಯರನ್ನು ನೆನೆದು, ಆ ಇಬ್ಬರು ಅಕ್ಕತಂಗಿಯರು ಒಟ್ಟಿಗಿದ್ದರೇ ಪ್ರಭುವಿಗೆ ಸರಿಯಾದ ಅತಿಥಿಸತ್ಕಾರ ಎನ್ನುತ್ತಾರೆ.

ಮಂಗಳೂರು ಕಲಿಸುವ ಪಾಠ

ಸಮುದಾಯದಲ್ಲಿ ಬಾಳುವುದು ಸಿಹಿಯಾದ ಮಾತಷ್ಟೇ ಅಲ್ಲ. ಅದಕ್ಕೆ ನಮ್ಮ ಕರ್ನಾಟಕದಲ್ಲೇ ಸಾಕ್ಷಿಯಿದೆ. 1870ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಕಾರ್ಮೆಲ್ ಸನ್ಯಾಸಿನಿಯರು ಮಠ ಸ್ಥಾಪಿಸಲು ಮಂಗಳೂರಿಗೆ ಹೊರಟರು. ಪ್ರಯಾಣದಲ್ಲೇ ಕೆಲವರು ಪ್ರಾಣ ಬಿಟ್ಟರು. ಬದುಕಿ ತಲುಪಿದವರಲ್ಲಿ ಗಲಿಲೇಯ ಸೀಮೆಯ ಒಬ್ಬ ಯುವತಿ ಇದ್ದಳು, ಹೆಸರು ಮರಿಯಂ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವಳು, ಓದುಬರಹ ಬಾರದವಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿಯೇ ಆಕೆ ವ್ರತ ಸ್ವೀಕರಿಸಿದಳು. ಆದರೆ ಆಕೆಯ ಅಸಾಧಾರಣ ಆಧ್ಯಾತ್ಮಿಕ ಅನುಭವಗಳನ್ನು ಅಲ್ಲಿನ ಹಿರಿಯರು ಅನುಮಾನದಿಂದ ಕಂಡರು. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳುಹಿಸಲಾಯಿತು.

ಆಕೆ ಪ್ರಾರ್ಥನೆಯನ್ನು ಬಿಡಲಿಲ್ಲ, ಸೇವೆಯನ್ನೂ ಬಿಡಲಿಲ್ಲ. 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟವರಲ್ಲಿ ಒಬ್ಬಳಾದಳು. 1878ರ ಆಗಸ್ಟಿನಲ್ಲಿ, ಕಟ್ಟಡದ ಕೂಲಿಯಾಳುಗಳಿಗೆ ಕುಡಿಯಲು ನೀರು ಹೊತ್ತೊಯ್ಯುವಾಗ ಬಿದ್ದು, ಅದೇ ಗಾಯದಿಂದ 26ರಂದು ತೀರಿಕೊಂಡಳು. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸ್‌ರವರು ಆಕೆಯನ್ನು ಸಂತಳೆಂದು ಘೋಷಿಸಿದರು.

ಭಕ್ತರು ಕೂಡಿದ ಸಮುದಾಯವೂ ತನ್ನ ನಡುವೆ ಇರುವವರನ್ನು ತಪ್ಪಾಗಿ ತಿಳಿಯಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ಭಾಷೆಯಿಂದ, ಜಾತಿಯಿಂದ, ಯಾವ ಊರಿನಿಂದ ಬಂದವರು ಎಂಬುದರಿಂದ ಜನರನ್ನು ಅಳೆಯುವಾಗ ನಾವು ಇದನ್ನು ನೆನೆಯಬೇಕು. ದೂರ ತಳ್ಳಿದವರಲ್ಲಿ ಯಾರು ಸಂತರೋ ನಮಗೇನು ಗೊತ್ತು?

ಬೆಟ್ಟದ ತಪ್ಪಲಲ್ಲಿ

ಮೌನ ಸನ್ಯಾಸಿಗಳಿಗೆ ಮಾತ್ರ ಎಂದುಕೊಳ್ಳುವವರಿಗೆ ಮೈಸೂರು ಇನ್ನೊಂದು ಉತ್ತರ ಕೊಟ್ಟಿದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿರುವ ಅಂಜಲಿ ಆಶ್ರಮವನ್ನು ಕಟ್ಟಿದವರು ಗುರು ಡಿ. ಎಸ್. ಅಮಲೋರ್‌ಪವದಾಸ್‌ರವರು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದ ಸ್ಥಾಪಕರು ಅವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನೂ ನಡೆಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ನೆಲದ ಮೇಲೆ ಕುಳಿತು ಧ್ಯಾನ, ಭಜನೆ, ಸರಳ ಊಟ, ಪವಿತ್ರ ಗ್ರಂಥದ ಮನನ: ನಮ್ಮ ನಾಡಿನ ರೀತಿಯಲ್ಲೇ ಕ್ರಿಸ್ತರನ್ನು ಅರಸಬಹುದೆಂದು ಅವರು ತೋರಿಸಿದರು. ಅಲ್ಲಿಯೂ ಧ್ಯಾನಕ್ಕೆ ಬಂದವರು ಒಂಟಿಯಾಗಿ ಉಳಿಯುವುದಿಲ್ಲ. ಪ್ರಾರ್ಥನೆ, ಊಟ ಎಲ್ಲರೊಂದಿಗೆ.

ನಮ್ಮ ಮನೆ, ನಮ್ಮ ಬೀದಿ

ಇನ್ನು ನಮ್ಮದೇ ಒಂದು ಮಾತು. ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಎರಡು ಮನೆಯವರಿಗೆ ಚರಂಡಿ ನೀರಿನ ವಿಷಯದಲ್ಲಿ ಜಗಳವಾಗಿ ವರ್ಷಗಳೇ ಕಳೆದಿದ್ದವು. ನಾವು ಮಾಡಿದ್ದೇನು? ಜಪಸರದ ಕೂಟವನ್ನು ಇಬ್ಬರೂ ಎದುರಾಗದಂತೆ ಹಂಚಿದೆವು. ಒಂದು ತಿಂಗಳು ಆ ಬದಿಯಲ್ಲಿ, ಒಂದು ತಿಂಗಳು ಈ ಬದಿಯಲ್ಲಿ. ಗಲಾಟೆಯಿಲ್ಲ, ಪ್ರಾರ್ಥನೆ ಸಾಂಗವಾಗಿ ನಡೆಯುತ್ತಿದೆ ಎಂದು ಸಂತೋಷಪಟ್ಟೆವು. ಒಂದು ಸಂಜೆ ವಯಸ್ಸಾದ ತಾಯಿಯೊಬ್ಬರು, "ಹಿಂಗೆ ಬೇರೆ ಬೇರೆ ಕೂತ್ಕೊಂಡು ಪ್ರಾರ್ಥನೆ ಮಾಡೋದಾದ್ರೆ ಅವರವರ ಮನೇಲೇ ಮಾಡ್ಕೋಬಹುದಲ್ಲ, ಸಮುದಾಯ ಯಾಕಪ್ಪ?" ಎಂದು ಕೇಳಿದರು. ನಮಗೆ ತಲೆ ಎತ್ತಲಾಗಲಿಲ್ಲ. ಬಲಿಪೀಠದ ಮುಂದೆ ಕಾಣಿಕೆಯನ್ನಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಪ್ರಭು ಹೇಳಿದ್ದು (ಮತ್ತಾಯ 5:23-24) ನಮಗೆ ಬಾಯಿಪಾಠವಾಗಿತ್ತು. ಆದರೂ ನಾವು ಕಾಣಿಕೆಯನ್ನು ಅರ್ಪಿಸುತ್ತಲೇ ಇದ್ದೆವು.

ಆಮೇಲೆ ಕೂಟವನ್ನು ಎಲ್ಲರಿಗೂ ಒಂದೇ ಮನೆಯಲ್ಲಿ ಇಟ್ಟೆವು. ಮೊದಲ ಸಲ ಒಂದು ಮನೆಯವರು ಬರಲಿಲ್ಲ. ಎರಡನೆಯ ಸಲ ಬಂದು ಬಾಗಿಲ ಬಳಿ ಕುಳಿತರು. ವಾಕ್ಯ ಓದಿ ಹತ್ತು ನಿಮಿಷ ಎಲ್ಲರೂ ಮೌನವಾಗಿದ್ದೆವು. ಆ ಹತ್ತು ನಿಮಿಷ ಬಹಳ ಭಾರವಾಗಿತ್ತು. ಚರಂಡಿಯ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಒಂದು ಮನೆಯ ಯಜಮಾನರು ಆಸ್ಪತ್ರೆ ಸೇರಿದಾಗ ಇನ್ನೊಂದು ಮನೆಯಿಂದ ಗಂಜಿ ಹೋಯಿತು.

ಹಾಗಾದರೆ ಈ ಹಬ್ಬದಿಂದ ಏನು ಮಾಡೋಣ? ಎರಡು ಗಂಟೆ ನಮಗೆ ಸಿಗಲಾರದು. ತೆರೇಸಮ್ಮನವರ ಸಮಪಾಲಿನ ಲೆಕ್ಕವನ್ನಾದರೂ ಹಿಡಿಯೋಣ. ಬೆಳಿಗ್ಗೆ ಮನೆ ಎಚ್ಚರಗೊಳ್ಳುವ ಮುಂಚೆ ಹದಿನೈದು ನಿಮಿಷ ಪ್ರಭುವಿನ ಸನ್ನಿಧಿಯಲ್ಲಿ ಸುಮ್ಮನೆ ಕುಳಿತುಕೊಳ್ಳೋಣ. ಮನಸ್ಸು ಓಡಿದರೆ ಬೈಯದೆ ಮರಳಿ ಕರೆಯೋಣ; ಕೊಡದ ನೀರಾದರೂ ನೀರೇ. ರಾತ್ರಿ ಊಟವಾದ ಮೇಲೆ ಮೊಬೈಲು, ಟಿವಿ ಬದಿಗಿಟ್ಟು ಹದಿನೈದು ನಿಮಿಷ ಮನೆಯವರೊಡನೆ ಕೂರೋಣ. ಕೈಗೆ ಕೆಲಸ ಬೇಕಿದ್ದರೆ ಅವರೆಕಾಯಿ ಬಿಡಿಸಬಹುದು, ಹೂ ಕಟ್ಟಬಹುದು. ಆ ಹೊತ್ತಿನಲ್ಲಿ ಮಕ್ಕಳ ಅಂಕ, ಸಾಲದ ಕಂತು ಬೇಡ. ಅಂದು ಯಾರಿಗೆ ಏನು ಸಂತೋಷವಾಯಿತು, ಏನು ನೋವಾಯಿತು ಎಂದು ಕೇಳೋಣ. ವಾರಕ್ಕೊಮ್ಮೆ, ನಾವು ಮಾತು ಬಿಟ್ಟಿರುವ ಒಬ್ಬರ ಹೆಸರನ್ನು ಆ ಮೌನದಲ್ಲಿ ನೆನೆಯೋಣ, ಮತ್ತು ಅವರ ಮನೆ ಬಾಗಿಲಿಗೆ ಹೋಗುವ ಧೈರ್ಯವನ್ನು ಬೇಡೋಣ.

ತೆರೇಸಮ್ಮನವರು ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಅದೇ ರಾತ್ರಿ ಸ್ಪೇನಿನಲ್ಲಿ ಹೊಸ ಪಂಚಾಂಗ ಜಾರಿಗೆ ಬಂದು ಹತ್ತು ದಿನಗಳು ಬಿಟ್ಟುಹೋದವು. ಬೆಳಗಾದಾಗ ಅಕ್ಟೋಬರ್ 15! ಅವರ ಹಬ್ಬ ಆ ದಿನ ಬೀಳುವುದು ಇದರಿಂದಲೇ. ಪಂಚಾಂಗದಿಂದ ಹತ್ತು ದಿನ ತೆಗೆಯುವುದು ಒಂದು ರಾತ್ರಿಯ ಕೆಲಸ. ಮನಸ್ಸಿನಿಂದ ಹಳೆಯ ಮುನಿಸು ತೆಗೆಯುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು, ದೇವರ ಕೃಪೆಯೂ ಬೇಕು. ನಮ್ಮ ಮನೆಗಳಲ್ಲೂ ಬೀದಿಗಳಲ್ಲೂ ಆ ಕೃಪೆಯ ಮಳೆ ಸುರಿಯಲೆಂದು ಸಂತ ತೆರೇಸಮ್ಮನವರ ಬಿನ್ನಹದ ಮೂಲಕ ಪ್ರಾರ್ಥಿಸೋಣ. ಆಮೆನ್.