ಮಳಿಗೆ ಬಾಡಿಗೆಗೂ ಇರಲಿ ಲೆಕ್ಕದ ಪುಸ್ತಕ

ರಸ್ತೆ ಬದಿಯ ಜಾಗದಲ್ಲಿ ಎರಡು ಮೂರು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವ ರೈತರು ಅನೇಕರಿದ್ದಾರೆ. ಡೇರಿಯ ಹಾಲಿನ ಲೆಕ್ಕವನ್ನು ದಿನವೂ ನೋಡುವ ನೀವು ಬಾಡಿಗೆ ಲೆಕ್ಕವನ್ನು ನೆನಪಿಗೆ ಬಿಟ್ಟಿದ್ದೀರಾ?

ಒಬ್ಬೊಬ್ಬ ಬಾಡಿಗೆದಾರರಿಗೂ ಬೇರೆ ಪುಟವಿಡಿ. ಹಣ ಬಂದಾಗ ಬರೆದರೆ ಸಾಲದು. ತಿಂಗಳು ಹುಟ್ಟಿದ ಕೂಡಲೇ ಬರಬೇಕಾದ ಬಾಡಿಗೆಯನ್ನು ಬರೆಯಿರಿ. ಬಾರದ ತಿಂಗಳು ಕಣ್ಣಿಗೆ ಬೀಳುವುದು ಆಗಲೇ. ಏಪ್ರಿಲ್ ಬಾಡಿಗೆ 3,000 ರೂ., ಬಂದದ್ದು 2,000, ಬಾಕಿ 1,000 ಎನ್ನಿ. ಮೇ 1ರಂದು ಇನ್ನೂ 3,000 ಸೇರಿ ಬಾಕಿ 4,000. ಆಮೇಲೆ 2,500 ಕೊಟ್ಟು, ಇಂಥ ತಿಂಗಳಿನದೆಂದು ಅವರು ಹೇಳದಿದ್ದರೆ, ಮೊದಲು ಏಪ್ರಿಲ್ ಬಾಕಿ ತೀರಿಸಿ, ಉಳಿದದ್ದನ್ನು ಮೇ ತಿಂಗಳಿಗೆ ಜಮಾ ಮಾಡಿ. ರಸೀದಿ ಕೊಡಿ. ಮುಂಗಡ ಹಣ ಹಿಂತಿರುಗಿಸಬೇಕಾದದ್ದು. ಅದನ್ನು ಬಾಡಿಗೆಯೊಡನೆ ಬೆರೆಸಲೇಬಾರದು.

1963ರ ಕಾಲಮಿತಿ ಕಾಯ್ದೆಯಂತೆ ಬಾಡಿಗೆ ಬಾಕಿಗೆ ದಾವೆ ಹೂಡಲು, ಬಾಕಿಯಾದ ದಿನದಿಂದ 3 ವರ್ಷ ಮಾತ್ರ ಅವಕಾಶ. ಅಷ್ಟರೊಳಗೆ ಬಾಡಿಗೆದಾರರು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಅಂದಿನಿಂದ ಹೊಸದಾಗಿ ಅವಧಿ ಸಿಗುತ್ತದೆ. ‘ಪರಿಚಯದವರು, ಸಹಿ ಹೇಗೆ ಕೇಳುವುದು?’ ಎನ್ನುವವರೇ ಕೊನೆಗೆ ಜಗಳಕ್ಕೆ ಬೀಳುವುದು. ಯುಗಾದಿಗೊಮ್ಮೆ ಇಬ್ಬರೂ ಕುಳಿತು ಲೆಕ್ಕ ನೋಡಿ, ಬಾಕಿಯ ಕೆಳಗೆ ದಿನಾಂಕದೊಡನೆ ಸಹಿ ಪಡೆಯಿರಿ.