ನೀಲ್‌ಬಾಗ್ ಮೇಷ್ಟ್ರ ಕಾರ್ಡು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ಕಡೆ ಹೊರಟರೆ ಕಣ್ಣಿಗೆ ಮಾವಿನ ತೋಪು, ಕಿವಿಗೆ ತೆಲುಗು. ಬಸ್ಸಿನ ಬೋರ್ಡು ಕನ್ನಡದ್ದು, ಒಳಗಿನ ಮಾತೆಲ್ಲ ತೆಲುಗಿನದು. ಇನ್ನಷ್ಟು ಮುಂದೆ ಹೋದರೆ ಆಂಧ್ರವೇ ಬಂತು. ಈ ಗಡಿ ಸೀಮೆಯಲ್ಲಿ, ರಾಯಲ್ಪಾಡಿನ ಬಳಿ, 1972ರಲ್ಲಿ ಒಂದು ಪುಟ್ಟ ಶಾಲೆ ಶುರುವಾಯಿತು. ಹೆಸರು ನೀಲ್‌ಬಾಗ್. ಶುರು ಮಾಡಿದವರು ಡೇವಿಡ್ ಹಾರ್ಸ್‌ಬರ್ಗ್ ಎಂಬ ಇಂಗ್ಲಿಷ್ ಮೇಷ್ಟ್ರು.

ಅವರು ಇಂಡಿಯಾಕ್ಕೆ ಬಂದದ್ದು ಪಾಠ ಹೇಳುವುದಕ್ಕಲ್ಲ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟಿಷ್ ವಾಯುಪಡೆಯ ಹುಡುಗನಾಗಿ ಬಂದರು. ಯುದ್ಧ ಮುಗಿಯಿತು, ಇಂಡಿಯಾದ ನಂಟು ಮಾತ್ರ ಬಿಡಲಿಲ್ಲ. ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಯಲ್ಲಿ ಮೇಷ್ಟ್ರಾದರು, ಬ್ರಿಟಿಷ್ ಕೌನ್ಸಿಲ್‌ನಲ್ಲಿ ಕೆಲಸ ಮಾಡಿದರು, ಪಠ್ಯಪುಸ್ತಕಗಳನ್ನು ಬರೆದರು. ಇಲ್ಲಿಯ ಹಲವು ಭಾಷೆಗಳನ್ನು ಕಲಿತರು. ಐವತ್ತರ ಹತ್ತಿರ ಬಂದ ಮೇಲೆ, ಬೇರೆಯವರಾದರೆ ಪಿಂಚಣಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ, ಹೆಂಡತಿ ಡೊರೀನ್ ಮತ್ತು ಮಗ ನಿಕೊಲಸ್ ಜೊತೆಗೂಡಿ ಹಳ್ಳಿ ಮಕ್ಕಳಿಗೆ ಶಾಲೆ ಕಟ್ಟಲು ನಿಂತರು.

ನೀಲ್‌ಬಾಗ್‌ನಲ್ಲಿ ಇದ್ದದ್ದಕ್ಕಿಂತ ಇಲ್ಲದ್ದನ್ನು ಹೇಳುವುದು ಸುಲಭ. ಪರೀಕ್ಷೆ ಇರಲಿಲ್ಲ, ಬೆತ್ತ ಇರಲಿಲ್ಲ. ಫಸ್ಟು, ಸೆಕೆಂಡು, ಬಹುಮಾನ ಯಾವುದೂ ಇರಲಿಲ್ಲ. ಬೆತ್ತ ಬೇಡ ಎನ್ನುವವರು ಇವತ್ತು ಬೇಕಾದಷ್ಟು ಜನ ಸಿಗುತ್ತಾರೆ. ಬಹುಮಾನವೂ ಬೇಡ ಎನ್ನುವವರು ಈಗಲೂ ಅಪರೂಪ. ಮಕ್ಕಳನ್ನು ವಯಸ್ಸಿಗೆ ಒಂದರಂತೆ ತರಗತಿಗಳಾಗಿ ಒಡೆದಿರಲಿಲ್ಲ. ದೊಡ್ಡವರು, ಸಣ್ಣವರು ಒಂದೇ ಕಡೆ ಕೂತು, ಅವರವರ ಪಾಠ ಅವರವರು ಕಲಿಯುತ್ತಿದ್ದರು.

ಕಲಿಯುವುದಕ್ಕೆ ಇಂಗ್ಲಿಷ್, ಲೆಕ್ಕ, ಸಂಸ್ಕೃತ, ತೆಲುಗು. ಅದರ ಜೊತೆಗೆ ಸಂಗೀತ, ಮರಗೆಲಸ, ಹೊಲಿಗೆ, ಗಾರೆ ಕೆಲಸ, ತೋಟದ ಕೆಲಸ. ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸಂಸ್ಕೃತವೂ ಗಾರೆ ಕೆಲಸವೂ ಒಂದೇ ಪಂಕ್ತಿಯಲ್ಲಿ ಕೂತಿವೆ. ನಮ್ಮ ಸೀಮೆಯಲ್ಲಿ ಸಂಸ್ಕೃತ ಹೇಳುವ ಕೈ ಯಾವುದು, ಕರಣೆ ಹಿಡಿಯುವ ಕೈ ಯಾವುದು ಎಂಬುದು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಎರಡನ್ನೂ ಒಂದೇ ಮಗುವಿನ ಕೈಗೆ ಕೊಟ್ಟದ್ದರಲ್ಲಿ ಎಷ್ಟು ದೊಡ್ಡ ಮಾತಿದೆ ಎನ್ನುವುದನ್ನು ಆ ಶಾಲೆಯ ಬಗ್ಗೆ ಬರೆದವರು ಸಾಕಷ್ಟು ಗಮನಿಸಿಲ್ಲ ಎಂದೇ ನನಗೆ ಅನಿಸುತ್ತದೆ.

ಒಂದೇ ಕೋಣೆಯಲ್ಲಿ ಹತ್ತು ಮಕ್ಕಳು ಹತ್ತು ಪಾಠದಲ್ಲಿದ್ದರೆ ಒಬ್ಬ ಮೇಷ್ಟ್ರು ಏನು ಮಾಡಬೇಕು? ಬೋರ್ಡಿನ ಮುಂದೆ ನಿಂತು ಭಾಷಣ ಮಾಡಿ ಪ್ರಯೋಜನವಿಲ್ಲ. ಹಾರ್ಸ್‌ಬರ್ಗ್ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಬಿಡಿಸಿ, ಕಲಿಕೆಯ ಸಾಮಗ್ರಿಯನ್ನು ತಾವೇ ತಯಾರಿಸಿದರು. ಪಾಠದ ಜೊತೆಗೆ ಗೆರೆಚಿತ್ರಗಳಿರುತ್ತಿದ್ದವು, ಅಲ್ಲಲ್ಲಿ ಒಂದು ತಮಾಷೆ ಇಣುಕುತ್ತಿತ್ತು. ಮಗು ತನ್ನ ಮೆಟ್ಟಿಲಿನ ಕೆಲಸ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಅರ್ಥವಾಗದಿದ್ದರೆ ಪಕ್ಕದ ದೊಡ್ಡ ಹುಡುಗನನ್ನು ಕೇಳುತ್ತದೆ. ಆಗಲೂ ಬಗೆಹರಿಯದಿದ್ದರೆ ಮೇಷ್ಟ್ರು ಇದ್ದೇ ಇದ್ದಾರೆ. ಪಠ್ಯಪುಸ್ತಕ ಬರೆದು ಪಳಗಿದ ಕೈ ತನ್ನ ಶಾಲೆಗೆ ಹೀಗೆ ಬಿಡಿ ಬಿಡಿಯಾಗಿ ಪಾಠ ಕಟ್ಟಿತು. ಎಲ್ಲರೂ ಒಂದೇ ದಿನ ಒಂದೇ ಪುಟ ತೆರೆಯುವುದು ಸುಳ್ಳು ಎಂದು ಪಠ್ಯಪುಸ್ತಕ ಬರೆದವರಿಗೇ ಚೆನ್ನಾಗಿ ಗೊತ್ತಿರಬೇಕು.

ಮಕ್ಕಳ ಜೊತೆಗೆ ಅಲ್ಲಿ ಶಿಕ್ಷಕರೂ ತಯಾರಾಗುತ್ತಿದ್ದರು. ದೊಡ್ಡ ತಂಡವಲ್ಲ, ಕೆಲವೇ ಜನ. ಶಾಲೆಯಲ್ಲೇ ಇದ್ದು, ಮಕ್ಕಳ ನಡುವೆಯೇ ಕಲಿಯಬೇಕು. ಹಾಗೆ ನೀಲ್‌ಬಾಗ್‌ನ ಗಾಳಿ ತಗುಲಿಸಿಕೊಂಡವರು ತಮ್ಮ ತಮ್ಮ ಕಡೆ ಸಣ್ಣ ಶಾಲೆಗಳನ್ನು ಕಟ್ಟಿದರು. ಬೆಂಗಳೂರಿನಲ್ಲಿ ಮಾಲತಿಯವರ ವಿಕಾಸನ, ಆಂಧ್ರದಲ್ಲಿ ಸುಮವನಂ ಹೀಗೆ ಹುಟ್ಟಿದವು. ಹಾರ್ಸ್‌ಬರ್ಗ್ 1984ರಲ್ಲಿ ತೀರಿಕೊಂಡರು. ನೀಲ್‌ಬಾಗ್‌ಗೆ ಅವರು ಸಿಕ್ಕಿದ್ದು ಹನ್ನೆರಡೇ ವರ್ಷ.

ಆಮೇಲೆ ನಡೆದದ್ದು ಅವರ ಲೆಕ್ಕದಲ್ಲಿ ಇತ್ತೋ ಇಲ್ಲವೋ. ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಇದೇ ಜಾಡು ಹಿಡಿದು, ಏಕೋಪಾಧ್ಯಾಯ ಶಾಲೆಗಳಿಗೆ ಪಾಠದ ಕಾರ್ಡುಗಳ ಒಂದು ಏಣಿಯನ್ನೇ ಕಟ್ಟಿದರು. ಅದನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು 1995ರಲ್ಲಿ, ಯುನಿಸೆಫ್ ನೆರವಿನಿಂದ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಶುರು ಮಾಡಿದರು. ಮುಂದೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಸುತ್ತಲ ಹಳ್ಳಿಯ ಒಂದಷ್ಟು ಮಕ್ಕಳಿಗೆಂದು ಹುಟ್ಟಿದ ಉಪಾಯ ಲಕ್ಷಾಂತರ ಮಕ್ಕಳ ಕೈಗೆ ಬಂತು.

ನಲಿ-ಕಲಿ ಕೋಣೆಗೆ ಕಾಲಿಟ್ಟವರಿಗೆ ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ನೇತುಹಾಕಿದ ಚಪ್ಪರ ಗೊತ್ತು. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟುಕುವ ಕಪ್ಪು ಹಲಗೆ, ಕಲಿಕಾ ಏಣಿ, ನೆಲದ ಮೇಲೆ ಗುಂಪಿಗೊಂದು ತಟ್ಟೆ ಎಲ್ಲ ಗೊತ್ತು. ಅಕ್ಷರ ಶುರುವಾಗುವುದು ಅ ಆ ಇ ಈಯಿಂದಲ್ಲ, ರ ಗ ಸ ದ ಅಯಿಂದ. ಇದಕ್ಕೆ ಅಪ್ಪ ಅಮ್ಮಂದಿರ ಗೊಣಗಾಟ ಇನ್ನೂ ನಿಂತಿಲ್ಲ. ಆದರೆ ಈ ಐದರಿಂದ ಮೊದಲ ದಿನಗಳಲ್ಲೇ ಸರ, ಅರಸ, ಅಗಸ ಓದಬಹುದು. ಗರಗಸವನ್ನೂ ಓದಬಹುದು. ಮರಗೆಲಸ ಕಲಿಸಿದ ಮೇಷ್ಟ್ರ ನೆನಪಿಗೆ ಇದಕ್ಕಿಂತ ಒಪ್ಪುವ ಪದ ಹುಡುಕಿದರೂ ಸಿಗಲಾರದು, ಯಾರೂ ಹಾಗೆಂದು ಇಟ್ಟದ್ದಲ್ಲವಾದರೂ.

ನನ್ನ ತಕರಾರು ಒಂದಿದೆ. ಹೆಗ್ಗಡದೇವನಕೋಟೆಯಲ್ಲಿ ಮೊದಮೊದಲು ಕಾರ್ಡುಗಳನ್ನು ಶಿಕ್ಷಕರೇ ಕೂತು ಬರೆದರು, ಹಾಡು ಕಟ್ಟಿದರು. ಆಮೇಲೆ ಕಾರ್ಡು ಅಚ್ಚಾಗಿ, ಪೆಟ್ಟಿಗೆಯಲ್ಲಿ ಬರತೊಡಗಿತು. ನೀಲ್‌ಬಾಗ್‌ನ ಗುಟ್ಟು ಸಾಮಗ್ರಿಯಲ್ಲಿರಲಿಲ್ಲ, ಅದನ್ನು ತಯಾರಿಸಲು ಮೇಷ್ಟ್ರು ಮಗುವನ್ನು ನೋಡುತ್ತಿದ್ದರಲ್ಲ, ಅದರಲ್ಲಿತ್ತು. ಅಚ್ಚಿನ ಕಾರ್ಡಿಗೆ ಆ ಮಗುವಿನ ಪರಿಚಯ ಎಲ್ಲಿಂದ ಬರಬೇಕು?

ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಈ ತಕರಾರಿನ ಬಾಯಿ ಕಟ್ಟಿತು. ತಟ್ಟೆಯ ಕಾರ್ಡುಗಳಲ್ಲಿ ಕೆಲವು ಹರಿದು, ಕೆಲವು ಕಳೆದುಹೋಗಿದ್ದವು. ಮಿಸ್ ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ತಾವೇ ಬರೆದು ಸೇರಿಸಿದ್ದರು. ಮೇಲೆ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಗರಗಸ. ಆರು ವರ್ಷದ ಹುಡುಗಿಯೊಬ್ಬಳು ಬೆರಳಿಟ್ಟು ಗ, ರ, ಗ, ಸ ಎಂದು ಓದಿದಳು. ಓದಿದ್ದು ಸರಿ, ಏನೆಂದು ತಿಳಿಯಲಿಲ್ಲ. ಚಿತ್ರ ನೋಡಿದಳು. ಮುಖ ಅರಳಿತು.

"ರಂಪಂ!" ಎಂದಳು. ತೆಲುಗಿನಲ್ಲಿ ಗರಗಸಕ್ಕೆ ಅದೇ ಹೆಸರು.

ಕನ್ನಡದ ರಂಪ ಬೇರೆಯೇ ಅಲ್ಲವೇ ಎಂದು ನಾನು ನಕ್ಕೆ. ಮಿಸ್ ನಗಲಿಲ್ಲ. ಮೇಜಿನ ಮೇಲಿದ್ದ ಸ್ಕೆಚ್ ಪೆನ್ನು ತೆಗೆದುಕೊಂಡು, ಚಿತ್ರದ ಪಕ್ಕದಲ್ಲಿ ಸಣ್ಣದಾಗಿ ಆ ಪದವನ್ನೂ ಬರೆದರು.