ಸುಣ್ಣಗಲ್ಲಿನ ನೆಲದಲ್ಲಿ ಪಟ್ಟೆ ಗುಲಾಬಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸುತ್ತಿನದು ಸುಣ್ಣಗಲ್ಲಿನ ನೆಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಅಭಿಸಾರಿಕಾ'ದಂತಹ ಪಟ್ಟೆ ಹೂವಿನ ಹೈಬ್ರಿಡ್ ಟೀ ಗುಲಾಬಿಯನ್ನು ಇಲ್ಲಿ ಹಿತ್ತಲಲ್ಲಿ ನೆಟ್ಟರೆ, ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದುಂಟು. ಯೂರಿಯಾ ಹಾಕಿದರೆ ಇದು ಹೋಗದು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ಸಿಗುವುದಿಲ್ಲ. ಬುಡಕ್ಕೆ ಹಾಕಿದ ಅನ್ನಭೇದಿಯೂ ಹಾಗೆಯೇ ವ್ಯರ್ಥ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿರಿ. 10–15 ದಿನ ಬಿಟ್ಟು ಮತ್ತೊಮ್ಮೆ.

ನೆಡುವ ಮೊದಲೇ ಒಂದೂವರೆ ಅಡಿ ಗುಣಿಯ ಮಣ್ಣು ತೆಗೆದು, ಎರಡು ಪಾಲು ಚಿಂಚೋಳಿ ಕಡೆಯ ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ತುಂಬುವುದು ಇನ್ನೂ ಲೇಸು. ಗಾರೆ, ಫರಸಿ ಚೂರು ಅದರಲ್ಲಿ ಬೀಳದಿರಲಿ. ಪಟ್ಟೆಯಿಲ್ಲದೆ ಒಂದೇ ಬಣ್ಣದ ಹೂ ಬಿಟ್ಟ ರೆಂಬೆ ಕಂಡರೆ ಬುಡದಿಂದಲೇ ಕತ್ತರಿಸಿರಿ.